ಸೆಣಬು ಮಗುಚಿದೆವು, ಇಂಗಾಲ ಎಲ್ಲಿ ಹೋಯ್ತು?

ಹೊಸದುರ್ಗದ ಕಡೆಯ ಕೆಂಪು ಗರಸು ಮಣ್ಣಿನಲ್ಲಿ ನನ್ನದು ಮೂರು ಎಕರೆ ಮಾವಿನ ತೋಟ. ಮೂವತ್ತು ಅಡಿ ಅಂತರ, ಎಕರೆಗೆ 48 ಗಿಡ. ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಂದರೆ. ಬೋರಿನ ನೀರು ಮನೆಗೂ ದನಕ್ಕೂ ಆದರೆ ಸಾಕು ಅನ್ನೋ ಹಾಗಿದೆ. ತೋಟ ಪೂರ್ತಿ ಮಳೆಯನ್ನೇ ನಂಬಿಕೊಂಡಿದೆ.

2016ರಲ್ಲಿ ನನಗೆ ಮಣ್ಣು ಆರೋಗ್ಯ ಚೀಟಿ ಬಂತು. ಸಾವಯವ ಇಂಗಾಲ 0.31. ಪಕ್ಕದಲ್ಲಿ ‘ಕಡಿಮೆ’ ಅಂತ ಬರೆದಿತ್ತು. ಈ ಲೆಕ್ಕ ಗೊತ್ತಿಲ್ಲದವರಿಗೆ ಹೇಳುವುದಾದರೆ, ನೂರು ಕೆ.ಜಿ. ಮಣ್ಣಿನಲ್ಲಿ 310 ಗ್ರಾಂ ಇಂಗಾಲ ಇದೆ ಅಂತ ಅರ್ಥ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75ರವರೆಗೆ ಮಧ್ಯಮ, ಅದಕ್ಕೆ ಮೇಲೆ ಹೆಚ್ಚು. ಏನು ಮಾಡಬೇಕು ಅಂತ ಕೇಳಿದಾಗ ಎಲ್ಲರೂ ಒಂದೇ ಮಾತು ಹೇಳಿದರು: “ಅಪ್ಸೆಣಬು ಚೆಲ್ಲಿ, ಹೂ ಬಂದಾಗ ಮಗುಚಿ.” ಸರಿ ಅಂತ ಎಕರೆಗೆ ಇಪ್ಪತ್ತು ಕೆ.ಜಿ. ಬೀಜ ತಂದು ಸಾಲುಗಳ ನಡುವೆ ಚೆಲ್ಲಿದೆ. ಆ ವರ್ಷ ಮಳೆ ಇಲ್ಲದೆ ಮೊಣಕಾಲುದ್ದ ಬಂತು ಅಷ್ಟೆ. 2017ರಲ್ಲಿ ಎದೆಮಟ್ಟ ಬೆಳೆಯಿತು. ಐವತ್ತು ದಿನಕ್ಕೆ ಟ್ರ್ಯಾಕ್ಟರ್ ತರಿಸಿ ರೋಟವೇಟರ್ ಹೊಡೆಸಿದೆ. ಮೂರು ವಾರ ಬಿಟ್ಟು ಕೆದಕಿ ನೋಡಿದರೆ ಸೊಪ್ಪಿನ ಗುರುತೇ ಇರಲಿಲ್ಲ. “ಎಷ್ಟು ಚೆನ್ನಾಗಿ ಕರಗಿದೆ” ಅಂತ ಖುಷಿಪಟ್ಟೆ. ಮಾವಿನ ಚಿಗುರು ಕೂಡ ಹಸಿರಾಗಿ ಬಂತು. 2018ರ ಕಥೆ ಬೇರೆ, ಅದನ್ನು ಮುಂದೆ ಹೇಳ್ತೀನಿ. 2019ರ ಏಪ್ರಿಲ್‌ನಲ್ಲಿ ಮತ್ತೆ ಮಣ್ಣು ಪರೀಕ್ಷೆ ಮಾಡಿಸಿದರೆ 0.33.

ಮೂರು ವರ್ಷದ ಬೀಜ, ಟ್ರ್ಯಾಕ್ಟರ್ ಬಾಡಿಗೆ, ಓಡಾಟ ಎಲ್ಲ ಸೇರಿ 0.02. ಅದನ್ನೂ ನಂಬೋ ಹಾಗಿಲ್ಲ, ಒಂದೇ ಮಣ್ಣನ್ನು ಎರಡು ಸಲ ಪರೀಕ್ಷೆ ಮಾಡಿದರೂ ಅಷ್ಟು ವ್ಯತ್ಯಾಸ ಬರಬಹುದು. ಹಾಗಾದರೆ ಎದೆಮಟ್ಟದ ಸೆಣಬು ಎಲ್ಲಿ ಹೋಯ್ತು?

ಆಗ ಕೃಷಿ ಡಿಗ್ರಿ ಓದ್ತಿದ್ದ ನನ್ನ ಮಗಳು ರಜೆಗೆ ಬಂದಿದ್ದಳು. “ಅಪ್ಪಾಜಿ, ಕೂತ್ಕೊಳ್ಳಿ, ಲೆಕ್ಕ ಹಾಕೋಣ” ಅಂದಳು. ನಾನು ಏಳನೇ ಕ್ಲಾಸು ಓದಿದವನು, ಆದರೆ ಸಾಲದ ಬಡ್ಡಿ ಕಟ್ಟಿ ಕಟ್ಟಿ ಲೆಕ್ಕ ಚೆನ್ನಾಗಿ ಬರುತ್ತೆ. ಆವತ್ತು ಕ್ಯಾಲೆಂಡರಿನ ಹಿಂದೆ ಬರೆದ ಲೆಕ್ಕ ಇದು. ನೀವೂ ನಿಮ್ಮ ತೋಟಕ್ಕೆ ಹಾಕಿ ನೋಡಬಹುದು.

ಒಂದು ಎಕರೆಯಲ್ಲಿ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 900 ಟನ್ ತೂಗುತ್ತದೆ. ಹಾಗಾಗಿ ಇಂಗಾಲ 0.1 ಏರಬೇಕಾದರೆ 900 ಕೆ.ಜಿ. ಇಂಗಾಲ ಮಣ್ಣಿನಲ್ಲಿ ಹೊಸದಾಗಿ ಉಳಿಯಬೇಕು. ಹಾಕಿದರೆ ಸಾಲದು, ಉಳಿಯಬೇಕು. ಈ ಕಡೆ ನನ್ನ ಸೆಣಬು ಒಂದು ಚದರ ಮೀಟರ್ ಕೊಯ್ದು ತೂಗಿದಾಗ 1.6 ಕೆ.ಜಿ. ಇತ್ತು, ಅಂದರೆ ಎಕರೆಗೆ ಆರೂವರೆ ಟನ್ ಹಸಿ ಸೊಪ್ಪು. ಕೇಳೋಕೆ ದೊಡ್ಡದು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬರೀ ನೀರು. ಒಣಗಿದ ಮೇಲೆ 1300 ಕೆ.ಜಿ. ಒಣ ಸೊಪ್ಪಿನಲ್ಲಿ ಇಂಗಾಲ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸುಮಾರು 550 ಕೆ.ಜಿ. ಅದನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಉಸಿರು ಬಿಡುತ್ತವೆ. ಆ ಉಸಿರೇ ಇಂಗಾಲದ ಡೈ ಆಕ್ಸೈಡ್, ಗಾಳಿಗೆ ಹೋಯ್ತು. ವರ್ಷ ಕಳೆಯುವ ಹೊತ್ತಿಗೆ ಐದರಲ್ಲಿ ಒಂದು ಪಾಲು ಉಳಿದರೆ ಪುಣ್ಯ. ಅಂದರೆ 110 ಕೆ.ಜಿ. ಬೇರಿನಿಂದ ಇನ್ನೊಂದು ಮೂವತ್ತು ನಲವತ್ತು ಅನ್ನಿ. ಒಟ್ಟು 150.

ಇದು ಆದಾಯ. ಖರ್ಚು ಬೇರೆ ಇದೆಯಲ್ಲ! ಮಣ್ಣಿನಲ್ಲಿ ಮೊದಲೇ ಇದ್ದ 2700 ಕೆ.ಜಿ. ಹಳೇ ಇಂಗಾಲವನ್ನೂ ಜೀವಿಗಳು ಸುಮ್ಮನೆ ಬಿಡೋದಿಲ್ಲ. ವರ್ಷಕ್ಕೆ ನೂರಕ್ಕೆ ಮೂರು ನಾಲ್ಕು ಪಾಲು ಕರಗಿತು ಅಂದರೂ ನೂರು ಕೆ.ಜಿ. ಹೋಯ್ತು. ನೂರೈವತ್ತು ಬಂತು, ನೂರು ಹೋಯ್ತು, ಉಳಿದದ್ದು ಐವತ್ತು. ಇದೂ ಎಕರೆ ಪೂರ್ತಿ ಸೆಣಬು ಬಂದಿದ್ದರೆ. ಮಾವಿನ ಬುಡ ಬಿಟ್ಟರೆ ಬೆಳೆ ನಿಲ್ಲೋದು ಮೂರರಲ್ಲಿ ಎರಡು ಪಾಲು ಜಾಗದಲ್ಲಿ ಮಾತ್ರ. ಮಳೆ ಕಡಿಮೆಯಾದ ವರ್ಷ ಆದಾಯವೇ ಇಲ್ಲ, ಖರ್ಚು ಮಾತ್ರ ನಿಲ್ಲೋದಿಲ್ಲ.

ಮೇಲಿಂದ ನಾನು ರೋಟವೇಟರ್ ಹೊಡೆಸಿದ್ದೆ. ಉತ್ತಷ್ಟೂ ಮಣ್ಣಿಗೆ ಗಾಳಿ ಆಡುತ್ತದೆ, ಹೆಂಟೆಯ ಒಳಗೆ ಅಡಗಿ ಕೂತಿದ್ದ ಹಳೇ ಇಂಗಾಲ ಬಯಲಾಗುತ್ತದೆ, ಜೀವಿಗಳಿಗೆ ಹಬ್ಬ. ಸೊಪ್ಪು ಮಗುಚಿದ್ದಕ್ಕೆ ಬಂದ ಲಾಭವನ್ನು ಮಗುಚಿದ ಕೆಲಸವೇ ತಿಂದುಹಾಕುತ್ತದೆ. ಕಳೆ ಬಂತು ಅಂತ ವರ್ಷಕ್ಕೆ ಮೂರು ನಾಲ್ಕು ಸಲ ಉಳುವ ತೋಟಗಳು ನಮ್ಮ ಕಡೆ ಬಹಳ. ‘ತೋಟ ಕನ್ನಡಿ ಹಾಗಿರಬೇಕು’ ಅಂತ ನಮ್ಮಪ್ಪನ ಕಾಲದಿಂದ ಬಂದ ಅಭ್ಯಾಸ. ಆ ತೋಟಗಳಲ್ಲಿ ಸೆಣಬು ಹಾಕಿದರೂ ಒಂದೇ, ಬಿಟ್ಟರೂ ಒಂದೇ ಅಂತ ನನ್ನ ಅಭಿಪ್ರಾಯ.

ಇನ್ನೊಂದು ಶತ್ರು ನಮ್ಮ ಬಿಸಿಲು. ಇದರ ಬಗ್ಗೆ ಮಗಳು ಹೇಳಿದ ಒಂದು ಹಳೇ ಪ್ರಯೋಗ ನನಗೆ ಬಹಳ ಹಿಡಿಸಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲೂ ನೈಜೀರಿಯಾದಲ್ಲೂ ಒಂದೇ ಜಾತಿ ಹುಲ್ಲನ್ನು ಮಣ್ಣಿಗೆ ಸೇರಿಸಿ ಎಷ್ಟು ಬೇಗ ಕರಗುತ್ತೆ ಅಂತ ನೋಡಿದ್ದಾರೆ. ಫಲಿತಾಂಶ 1977ರಲ್ಲಿ ಪ್ರಕಟವಾಯಿತು. ಎರಡೂ ಕಡೆ ಕರಗುವ ರೀತಿ ಒಂದೇ, ಆದರೆ ಬಿಸಿ ನಾಡಿನಲ್ಲಿ ವೇಗ ನಾಲ್ಕು ಪಟ್ಟು. ಅಲ್ಲಿ ನಾಲ್ಕು ವರ್ಷ ಬಾಳೋದು ಇಲ್ಲಿ ಒಂದೇ ವರ್ಷಕ್ಕೆ ಮುಗೀತು. ತಣ್ಣನೆ ದೇಶದವರ ಪುಸ್ತಕ ಓದಿ ನಮ್ಮ ತೋಟಕ್ಕೆ ಲೆಕ್ಕ ಹಾಕಬಾರದು. ಜಪಾನಿನ ಫುಕುವೋಕ ಅವರು ಕಿತ್ತಳೆ ಗಿಡಗಳ ಕೆಳಗೆ ಬಿಳಿ ಕ್ಲೋವರ್ ಬೆಳೆಸಿದ್ದನ್ನು ನಾವೆಲ್ಲ ಓದಿದವರೇ. ಅವರ ಊರಿನ ಕಡೆ ನಮ್ಮ ಎರಡರಷ್ಟು ಮಳೆ, ಚಳಿಗಾಲದಲ್ಲಿ ಮೈ ನಡುಗುವ ಚಳಿ. ಹೊಸದುರ್ಗದ ಏಪ್ರಿಲ್ ಅವರು ಕಂಡಿರಲಿಲ್ಲ.

ಹಾಗಾದರೆ ಹಸಿರು ಗೊಬ್ಬರ ಸುಳ್ಳಾ? ಅಲ್ಲ. ಎಳೆ ಸೊಪ್ಪು ಮಗುಚಿದರೆ ಅದರ ಸಾರಜನಕ ಗಿಡಕ್ಕೆ ಬೇಗ ಸಿಗುತ್ತದೆ. ನನ್ನ ಮಾವಿನ ಚಿಗುರು ಹಸಿರಾದದ್ದು ಅದರಿಂದಲೇ. ಗದ್ದೆಗೆ ನಾಟಿ ಮುಂಚೆ ಡಯಾಂಚ ತುಳಿಯೋರಿಗೆ ಬೇಕಾದದ್ದೂ ಇದೇ. ಅದು ಆವತ್ತಿನ ಮುದ್ದೆ. ಹಗೇವಿನಲ್ಲಿ ರಾಗಿ ತುಂಬಿಸುವುದು ಬೇರೆ ಕೆಲಸ. ನಾನು ಮುದ್ದೆ ಉಂಡು ಹಗೇವು ಯಾಕೆ ತುಂಬಲಿಲ್ಲ ಅಂತ ಕೇಳ್ತಿದ್ದೆ.

ಹಗೇವು ತುಂಬಬೇಕಾದರೆ ನಿಧಾನವಾಗಿ ಕರಗುವ ವಸ್ತು ಬೇಕು. ಎಳೆ ಸೆಣಬಿನಲ್ಲಿ ಒಂದು ಪಾಲು ಸಾರಜನಕಕ್ಕೆ ಹದಿನೈದು ಇಪ್ಪತ್ತು ಪಾಲು ಇಂಗಾಲ ಇರುತ್ತೆ, ಬೆಣ್ಣೆ ಕರಗಿದ ಹಾಗೆ ಕರಗುತ್ತೆ. ಬಲಿತ ಕಡ್ಡಿಯಲ್ಲಿ ನಲವತ್ತಕ್ಕೂ ಮೇಲೆ, ಅದು ತಿಂಗಳುಗಟ್ಟಲೆ ನಿಲ್ಲುತ್ತೆ. ಆದರೆ ಬಲಿತ ಕಡ್ಡಿಯನ್ನು ಮಣ್ಣಿಗೆ ಬೆರೆಸಿದರೆ ಒಂದು ತೊಂದರೆ. ಅದನ್ನು ತಿನ್ನಲು ಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಗಿಡ ಹಳದಿಗೆ ತಿರುಗುತ್ತೆ. ಮೇಲೆ ಹಾಸಿ ಬಿಟ್ಟರೆ ಈ ತೊಂದರೆ ಅಷ್ಟಾಗಿ ಇಲ್ಲ. ಇನ್ನು ಬೇರು. ಮೇಲಿನ ಸೊಪ್ಪಿಗಿಂತ ಬೇರಿನ ಇಂಗಾಲ ಎರಡು ಪಟ್ಟಾದರೂ ಹೆಚ್ಚು ಉಳಿಯುತ್ತೆ, ಯಾಕಂದರೆ ಅದು ಹುಟ್ಟೋದೇ ಮಣ್ಣಿನ ಕಣಗಳ ನಡುವೆ. ಗಿಡ ಕಿತ್ತು ಹಾಸುವ ಅಭ್ಯಾಸ ಇದ್ದವರು ಬಿಡಿ, ಕೊಯ್ದು ಹಾಸಿ. ಬೇರು ಅಲ್ಲೇ ಇರಲಿ.

ಇದನ್ನು ಕೇಳಿ “ಸರಿ, ಸೆಣಬನ್ನು ಚೆನ್ನಾಗಿ ಬಲಿಯೋಕೆ ಬಿಟ್ಟರಾಯ್ತು” ಅಂತ ಯಾರಾದರೂ ಹೊರಟರೆ, ಸ್ವಲ್ಪ ತಡೀರಿ. ನಾನು 2018ರಲ್ಲಿ ಯಾವ ಲೆಕ್ಕವೂ ಗೊತ್ತಿಲ್ಲದೆ ಹಾಗೇ ಮಾಡಿ ಕೆಟ್ಟೆ. ಆ ವರ್ಷ ಮುಂಗಾರು ತಡವಾಗಿ ಬಿದ್ದು ಆಶ್ಲೇಷ ಮಳೆಗೆ ಚೆಲ್ಲಿದ್ದೆ. ಸೆಣಬು ಚೆನ್ನಾಗಿ ಬರ್ತಿತ್ತು, ಇನ್ನೂ ಸ್ವಲ್ಪ ಸೊಪ್ಪಾಗಲಿ ಅಂತ ಅಕ್ಟೋಬರ್ ಕೊನೆಯವರೆಗೆ ನಿಲ್ಲಿಸಿದೆ. ಚಿತ್ತೆ, ಸ್ವಾತಿ ಎರಡೂ ಕೈಕೊಟ್ಟವು. ಆ ಸಲ ರಾಜ್ಯದಲ್ಲಿ ಹಿಂಗಾರೇ ಸೋತಿತ್ತು. ಖಾಲಿ ಬಿದ್ದಿದ್ದ ಜಾಗಗಳಿಗೆ ಎರಡು ವರ್ಷದ ಹಿಂದೆ ಹದಿನೆಂಟು ಸಸಿ ನೆಟ್ಟಿದ್ದೆ. ಬೇಸಿಗೆ ಮುಗಿಯುವ ಹೊತ್ತಿಗೆ ಹನ್ನೊಂದು ಒಣಗಿದವು. ಕೊಡದಲ್ಲಿ ನೀರು ಹೊತ್ತು ಹಾಕಿ ಬದುಕಿಸಿದ ಸಸಿಗಳು ಅವು. ನನ್ನ ಹೆಂಡತಿ ಆವಾಗ ಒಂದು ಮಾತು ಅಂದಳು, ಇಲ್ಲಿ ಬರೆಯೋ ಹಾಗಿಲ್ಲ.

ನೀರಿನ ಲೆಕ್ಕವನ್ನೂ ಹಾಕಿದೆವು. ಇಂಥ ದ್ವಿದಳ ಬೆಳೆ ಒಂದು ಕೆ.ಜಿ. ಒಣ ಸೊಪ್ಪು ಮಾಡಲು ಸುಮಾರು ಐನೂರು ಲೀಟರ್ ನೀರು ಕುಡಿಯುತ್ತೆ. 1300 ಕೆ.ಜಿ.ಗೆ ಆರೂವರೆ ಲಕ್ಷ ಲೀಟರ್. ಎಕರೆ ಮೇಲೆ ಒಂದು ಮಿ.ಮೀ. ಮಳೆ ಅಂದರೆ ನಾಲ್ಕು ಸಾವಿರ ಲೀಟರ್. ಹಾಗಾಗಿ ಅದು 160 ಮಿ.ಮೀ. ಮಳೆ, ನಮ್ಮ ವರ್ಷದ ಮಳೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು! ಮಳೆ ಇರುವಾಗ ಕುಡಿದರೆ ಚಿಂತೆಯಿಲ್ಲ, ಹರಿದು ಹಳ್ಳ ಸೇರೋ ನೀರು ಅದು. ಮಳೆ ನಿಂತ ಮೇಲೆ ಕುಡಿದರೆ ಅದು ಮಾವಿನ ಪಾಲು. ಫಸಲು ಕೊಡೋ ದೊಡ್ಡ ಮರಗಳಿಗೆ ಆಗ ಏನೂ ಆಗಲಿಲ್ಲ ಅನ್ನೋದನ್ನೂ ಹೇಳಬೇಕು. ಅವುಗಳ ಬೇರು ಆಳ, ಮೇಲಾಗಿ ಹೂ ಬಿಡುವ ಮುಂಚೆ ಮಾವಿಗೆ ಸ್ವಲ್ಪ ಒಣಹವೆ ಬೇಕೇ ಬೇಕು. ಸತ್ತದ್ದು ಬೇರು ಇಳಿಯದ ಸಸಿಗಳು.

ಈಗ ನಾನು ಮಾಡೋದು ಹೀಗೆ. ರೋಹಿಣಿ ಇಲ್ಲ ಮೃಗಶಿರ ಮಳೆಗೆ ಒಂದು ಸಲ ಮಾತ್ರ ಕುಂಟೆ ಹೊಡೆದು ಸೆಣಬಿನ ಜೊತೆ ಅಲಸಂದೆ, ಒಂದೆರಡು ಸೇರು ಸಜ್ಜೆ ಬೆರೆಸಿ ಚೆಲ್ಲುತ್ತೇನೆ. ಸಜ್ಜೆ ಯಾಕೆ ಅಂದರೆ ಅದರ ದಂಟು ಬೇಗ ಕರಗೋದಿಲ್ಲ, ಬೇರಿನ ಜುಂಗು ಬಹಳ. ಗಿಡದ ಬುಡದಿಂದ ಐದಾರು ಅಡಿ ಖಾಲಿ, ಸಸಿ ಇದ್ದ ಕಡೆ ಇನ್ನೂ ಜಾಸ್ತಿ. ಮಖೆ ಮಳೆಯ ಹೊತ್ತಿಗೆ ಸೆಣಬಿಗೆ 65-70 ದಿನ ಆಗಿರುತ್ತೆ, ಹೂ ಮುಗಿದು ಕಾಯಿ ಕಚ್ಚುವ ಸಮಯ. ಆಗ ನಿಂತ ಸೆಣಬಿನ ಒಳಗೇ ಎಕರೆಗೆ ಹತ್ತು ಹನ್ನೆರಡು ಕೆ.ಜಿ. ಹುರುಳಿ ಎರಚಿ, ಹಿಂದೆಯೇ ಎತ್ತಿಗೆ ಕೊರಡು ಕಟ್ಟಿ ಎಳೆಸಿ ಸೆಣಬನ್ನು ಮಲಗಿಸುತ್ತೇನೆ. ಮಲಗಿದ್ದು ಪೂರ್ತಿ ಸಾಯೋದಿಲ್ಲ, ತಲೆ ಎತ್ತಿದ್ದನ್ನು ಎರಡು ಮೂರು ದಿನ ಬಿಟ್ಟು ಕುಡುಗೋಲಿನಲ್ಲಿ ಸವರಬೇಕು. ಮಳೆ ಬಿದ್ದರೆ ಹುರುಳಿ ಆ ಹಾಸಿನ ಸಂದಿಯಲ್ಲೇ ಹುಟ್ಟಿ ಮೇಲೆ ಬರುತ್ತೆ. ಮೊದಲು ಸೆಣಬು ಮಲಗಿಸಿ ಆಮೇಲೆ ಕೂರಿಗೆಯಲ್ಲಿ ಹುರುಳಿ ಬಿತ್ತಲು ಹೋಗಿ, ಕಡ್ಡಿಯೆಲ್ಲ ತಾಳಿಗೆ ಸಿಕ್ಕಿಕೊಂಡು ಒದ್ದಾಡಿದ್ದೆ. ಅದಕ್ಕೇ ಎರಚುವುದು.

ಹುರುಳಿ ಕಡಿಮೆ ನೀರಲ್ಲಿ ಬದುಕುವ ಬೆಳೆ. ಡಿಸೆಂಬರ್‌ಗೆ ತಾನೇ ಒಣಗಿ ಬೇಸಿಗೆಗೆ ಮುಚ್ಚಿಗೆ ಆಗುತ್ತೆ. ಆದರೆ ಉತ್ತರೆ, ಹಸ್ತ ಮಳೆ ಸರಿಯಾಗಿ ಬೀಳದಿದ್ದರೆ ನಾನು ಕಾಯೋದಿಲ್ಲ. ಹಿಡಿ ಮಣ್ಣು ತೆಗೆದು ಹಿಸುಕಿದಾಗ ಉಂಡೆ ಕಟ್ಟದಿದ್ದರೆ ಹುರುಳಿ ಹಸಿರಾಗಿದ್ದಾಗಲೇ ಕೊಯ್ದು ಹಾಸುತ್ತೇನೆ. 2023ರಲ್ಲಿ ರಾಜ್ಯದ 236 ತಾಲೂಕಿನಲ್ಲಿ 223 ಬರದ ಪಟ್ಟಿಗೆ ಸೇರಿದವಲ್ಲ, ಆ ವರ್ಷ ಸೆಣಬನ್ನು ನಲವತ್ತೇ ದಿನಕ್ಕೆ ಮಲಗಿಸಿದೆ, ಹುರುಳಿ ಎರಚಲೇ ಇಲ್ಲ. ಆ ವರ್ಷ ಒಂದು ಸಸಿಯೂ ಸಾಯಲಿಲ್ಲ.

ಮೊದಲ ವರ್ಷ ನಮ್ಮ ದೊಡ್ಡಪ್ಪ ಬದುವಿನ ಮೇಲೆ ನಿಂತು, “ಏನಪ್ಪಾ, ತೋಟನ ಹಾಳು ಬಿಟ್ಟಿದೀಯಾ?” ಅಂದಿದ್ದರು. ನೋಡೋಕೆ ಹಾಗೇ ಕಾಣುತ್ತೆ, ಸುಳ್ಳಲ್ಲ.

ತೊಂದರೆಗಳೂ ಇವೆ. ಗೆದ್ದಲು ಮೊದಲನೆಯದು. ಹಾಸಿದ ಕಡ್ಡಿಗೆ ಗೆದ್ದಲು ಬಂದೇ ಬರುತ್ತೆ. ಬುಡಕ್ಕೆ ತಾಗಿಸದೆ ಎರಡು ಅಡಿ ದೂರ ಹಾಸಿದರೆ ಕಡ್ಡಿ ತಿಂದುಕೊಂಡು ಇರುತ್ತೆ, ಅದನ್ನು ಓಡಿಸೋ ಗೋಜಿಗೆ ನಾನು ಹೋಗಿಲ್ಲ. ಎರಡನೆಯದು ಬೆಂಕಿ. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಒಣ ಹಾಸು ಅಂದರೆ ಬೀಡಿ ತುಂಡಿಗೆ ಕಾದು ಕೂತ ಹಾಗೆ. ದಾರಿ ಕಡೆಯ ಬದುವಿಗೆ ಹತ್ತು ಅಡಿ ಅಗಲ ಸಾಫು ಮಾಡಿ ಬಿಡಲೇಬೇಕು. ಮೂರನೆಯದು ಕುರಿ. ಒಣ ಹುರುಳಿ ಹೊಟ್ಟು ಬಿಟ್ಟುಕೊಡಿ ಅಂತ ಕುರಿಯವರು ಕೇಳ್ತಾರೆ. ಮೊದಲು ಆಗಲ್ಲ ಅಂತಿದ್ದೆ. ಈಗ ಎರಡು ರಾತ್ರಿ ತೋಟದಲ್ಲೇ ಮಂದೆ ನಿಲ್ಲಿಸುವುದಾದರೆ ಮಾತ್ರ ಮೇಯಿಸಿ ಅಂತೀನಿ. ತಿಂದದ್ದಕ್ಕೆ ಹಿಕ್ಕೆ, ಗಂಜಲ ಅಲ್ಲೇ ಬೀಳುತ್ತೆ. ಆದರೆ ಹೊಟ್ಟು ಪೂರ್ತಿ ಬಳಿಯೋಕೆ ಬಿಡಬೇಡಿ, ಮಾರ್ಚ್‌ನಲ್ಲಿ ನೆಲ ಕಾಣಬಾರದು.

ಮಲೆನಾಡು, ಕರಾವಳಿಯ ಅಡಿಕೆಯವರಿಗೆ ಈ ನೀರಿನ ತಲೆನೋವು ಇಷ್ಟಿರಲಾರದು. ಅಲ್ಲಿ ಸಮಸ್ಯೆ ನೆರಳು. ಸೆಣಬಿಗೆ ಬಿಸಿಲು ಬೇಕು, ಅಡಿಕೆ ಕೆಳಗೆ ಕಡ್ಡಿಯಾಗಿ ನಿಲ್ಲುತ್ತೆ. ರಬ್ಬರ್ ತೋಟಗಳಲ್ಲಿ ಎಳೆ ಗಿಡಗಳ ನಡುವೆ ಪ್ಯುರೇರಿಯಾ, ಮುಕುನಾ ಬಳ್ಳಿ ಹಬ್ಬಿಸುವುದನ್ನು ನೋಡಿದ್ದೇನೆ. ಅವು ಗಿಡ ಹತ್ತುವ ಬಳ್ಳಿಗಳು, ನಮ್ಮ ಒಣ ನೆಲಕ್ಕೆ ತರುವ ಧೈರ್ಯ ನನಗಾಗಲಿಲ್ಲ.

ಫಲಿತಾಂಶ ಏನು ಅಂತ ಕೇಳ್ತೀರಿ. 2025ರ ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿಸಿದಾಗ 0.42. ಆರು ವರ್ಷಕ್ಕೆ 0.09. ಚೀಟಿಯಲ್ಲಿ ಈಗಲೂ ‘ಕಡಿಮೆ’ ಅಂತಲೇ ಇದೆ. ಇದು ಬರೀ ಸೆಣಬು, ಹುರುಳಿಯಿಂದ ಬಂದದ್ದೂ ಅಲ್ಲ. ಮಾವಿನ ತರಗೆಲೆ ಸುಡೋದು ನಿಲ್ಲಿಸಿದ್ದು, ಕುರಿ ಮಂದೆ, ಬೇಲಿಯ ಗ್ಲಿರಿಸಿಡಿಯಾ, ಎಲ್ಲಕ್ಕಿಂತ ಹೆಚ್ಚಾಗಿ ಉಳುಮೆ ಬಿಟ್ಟದ್ದು ಸೇರಿದೆ. ಎರಡೇ ವರ್ಷಕ್ಕೆ ಇಂಗಾಲ ಒಂದಕ್ಕೆ ಏರಿತು ಅಂತ ಯಾರಾದರೂ ಹೇಳಿದರೆ ಮೇಲಿನ ಲೆಕ್ಕ ಹಾಕಿ ನೋಡಿ. ಒಣಭೂಮಿಯಲ್ಲಿ ಅಷ್ಟು ಸೊಪ್ಪು ಎಲ್ಲಿಂದ ತಂದರು ಅಂತ ಕೇಳಿ. ಆದರೆ ಸಂಖ್ಯೆಯಲ್ಲಿ ಕಾಣದ್ದು ನೆಲದಲ್ಲಿ ಕಾಣುತ್ತೆ. ಮೊದಲು ಜೋರು ಮಳೆ ಬಂದರೆ ಕೆಂಪು ನೀರು ಬದು ಒಡೆದು ಹೋಗ್ತಿತ್ತು, ಈಗ ಹಾಸಿನ ಅಡಿಯಲ್ಲಿ ಇಂಗುತ್ತೆ, ಹೊರಗೆ ಬಂದರೂ ತಿಳಿಯಾಗಿರುತ್ತೆ. ಜನವರಿಯಲ್ಲಿ ಹಾಸು ಸರಿಸಿದರೆ ತೇವ ಕೈಗೆ ಸಿಗುತ್ತೆ.

ಪರೀಕ್ಷೆಗೆ ಮಣ್ಣು ತೆಗೆಯೋ ವಿಷಯ ಒಂದು ಬಾಕಿ. 2022ರಲ್ಲಿ ನಡುವೆ ಒಮ್ಮೆ ಪರೀಕ್ಷೆ ಮಾಡಿಸಿದಾಗ 0.62 ಬಂದು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆಮೇಲೆ ನೋಡಿದರೆ ಮಣ್ಣು ತೆಗೆದ ಹುಡುಗ ಬಿಸಿಲಿಗೆ ಬೇಸತ್ತು ಮರದ ನೆರಳಲ್ಲಿ, ಕೊಟ್ಟಿಗೆ ಗೊಬ್ಬರ ಹಾಕಿದ್ದ ಪಾತಿಯಲ್ಲೇ ಗುಂಡಿ ತೋಡಿದ್ದ. ಪ್ರತಿ ಸಲ ಅದೇ ಸಾಲುಗಳ ನಡುವೆ, ಅದೇ ತಿಂಗಳಲ್ಲಿ, ಮೇಲಿನ ಕಸ ಕಡ್ಡಿ ಸರಿಸಿ, ಅರ್ಧ ಅಡಿ ಆಳದವರೆಗೆ ಎಂಟು ಹತ್ತು ಕಡೆ ತೆಗೆದು ಬೆರೆಸಬೇಕು. ಜರಡಿಗೆ ಮುಂಚೆ ಬೇರಿನ ಚೂರು ಆರಿಸಿ ಹಾಕಿ. ಈಗ ನಾನು ಮಣ್ಣು ತೆಗೆಯೋ ಜಾಗಗಳ ಪಕ್ಕದ ಮರಗಳಿಗೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ಮುಂದಿನ ಮಣ್ಣು 2028ರ ಏಪ್ರಿಲ್‌ನಲ್ಲಿ ತೆಗೆಯೋದು.